ಟ್ಯಾಬ್ ಕೊಟ್ಟರೆ ಸಾಲದು: ಮುಂಬೈನಲ್ಲಿ ಮಕ್ಕಳನ್ನು ಪಾಠಕ್ಕೆ ಎಳೆದು ತಂದಿದ್ದು ಬಾಟಲಿ, ಬಾಳೆಹಣ್ಣು ಮತ್ತು ಒಂದು ಆನ್‌ಲೈನ್ ಬಳಗ

ಮುಂಬೈ: ಮಾಗಿದ ಬಾಳೆಹಣ್ಣಿನ ಒಂದು ತುಂಡು, ಒಂದು ಖಾಲಿ ಬಾಟಲಿ, ಬಾಯಿಗೆ ಕಟ್ಟಲು ಬಟ್ಟೆಯ ಚೂರು. ಇಷ್ಟಿದ್ದರೆ ಜೀವಶಾಸ್ತ್ರದ ಪಾಠ ಶುರು ಮಾಡಬಹುದು. ಬಾಟಲಿಯನ್ನು ಕಿಟಕಿಯ ಹತ್ತಿರ ತೆರೆದಿಟ್ಟರೆ ಒಂದೆರಡು ದಿನದಲ್ಲಿ ಹಣ್ಣುನೊಣಗಳು ಹುಡುಕಿಕೊಂಡು ಬರುತ್ತವೆ. ಆಮೇಲೆ ಬಾಯಿ ಕಟ್ಟಿಟ್ಟು ದಿನಾ ನೋಡುತ್ತಾ ಹೋದರೆ ಮೊಟ್ಟೆ, ಮರಿಹುಳು, ಕೋಶ, ಮತ್ತೆ ನೊಣ. ಮುಂಬೈ ಸೆಖೆಗೆ ಸುಮಾರು 10 ದಿನದಲ್ಲಿ ಹೊಸ ತಲೆಮಾರು ಸಿದ್ಧ.

ಇದರಲ್ಲಿ ತಂತ್ರಜ್ಞಾನ ಎಲ್ಲಿದೆ ಎಂದು ಕೇಳಬಹುದು. ಅದು ಬರುವುದು ಮುಂದಿನ ಹೆಜ್ಜೆಯಲ್ಲಿ. ವಿದ್ಯಾರ್ಥಿ ಬಾಟಲಿಯ ಫೋಟೊ ತೆಗೆದು, ದಿನಾಂಕ ಬರೆದು, ತಾನು ಕಂಡದ್ದನ್ನು ಆನ್‌ಲೈನ್ ಬಳಗದ ಮುಂದಿಡುತ್ತಾನೆ. ಬೇರೆ ಊರಿನ ಇನ್ನೊಬ್ಬ ವಿದ್ಯಾರ್ಥಿ ಅದನ್ನು ನೋಡಿ ಪ್ರಶ್ನೆ ಕೇಳುತ್ತಾನೆ: ಅದು ಹಣ್ಣುನೊಣವೇ ಎಂದು ಹೇಗೆ ಗೊತ್ತು? ಬಾಳೆಹಣ್ಣಿನ ಬದಲು ಟೊಮೆಟೊ ಇಟ್ಟಿದ್ದರೆ ಬರುತ್ತಿತ್ತೇ? ಉತ್ತರ ಬೇಕೆಂದರೆ ಮತ್ತೆ ಬಾಟಲಿಯ ಹತ್ತಿರ ಹೋಗಲೇಬೇಕು.

ಮುಂಬೈನ ಮಾನ್‌ಖುರ್ದ್‌ನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಆಸರೆಯಲ್ಲಿ ಬೆಳೆದ 'ಕ್ಯೂಬ್' ಎಂಬ ಬಳಗದ ಕೆಲಸದ ರೀತಿ ಇದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ ಈ ಕೇಂದ್ರ ಶುರುವಾಗಿದ್ದು 1974ರಲ್ಲಿ. ಶಾಲೆಗಳಿಗೆ ಕಂಪ್ಯೂಟರ್, ಟ್ಯಾಬ್, ಡಿಜಿಟಲ್ ಬೋರ್ಡ್ ಬಂದು ವರ್ಷಗಳೇ ಕಳೆದರೂ ಮಕ್ಕಳಿಗೆ ಪಾಠದಲ್ಲಿ ಆಸಕ್ತಿ ಹುಟ್ಟುತ್ತಿಲ್ಲ ಎಂಬ ದೂರು ನಿಂತಿಲ್ಲ. ಹಾಗಿರುವಾಗ ಈ ಬಳಗ ಏನು ಮಾಡುತ್ತಿದೆ, ಮುಂಬೈನ ಕನ್ನಡ ಶಾಲೆಗಳಿಗೆ ಇದರಿಂದ ಏನು ಸಿಗಬಹುದು ಎಂದು ನೋಡುವುದು ಒಳ್ಳೆಯದು.

ಟ್ಯಾಬ್ ಬಂತು, ಆಮೇಲೆ?

ಮುಂಬೈ ಮಹಾನಗರ ಪಾಲಿಕೆ 2015ರಲ್ಲಿ ತನ್ನ ಶಾಲೆಗಳ 8ನೇ ತರಗತಿ ಮಕ್ಕಳಿಗೆ ಟ್ಯಾಬ್ ಹಂಚಿತು. ಸುಮಾರು 22 ಸಾವಿರ ಟ್ಯಾಬ್‌ಗಳು. ಪಠ್ಯಪುಸ್ತಕವೆಲ್ಲ ಅದರೊಳಗೇ ಇರುತ್ತದೆ, ಬೆನ್ನ ಮೇಲಿನ ಚೀಲದ ಭಾರ ಇಳಿಯುತ್ತದೆ ಎಂಬುದು ಲೆಕ್ಕಾಚಾರ. ಚೀಲದ ಭಾರದ ವಿಷಯದಲ್ಲಿ ಆ ಲೆಕ್ಕ ತಪ್ಪೇನಲ್ಲ. ಆದರೆ ಪುಸ್ತಕದಲ್ಲಿ ಓದಲು ಬೇಸರಪಡುವ ಮಗು ಅದೇ ಪುಟವನ್ನು 7 ಇಂಚಿನ ಪರದೆಯಲ್ಲಿ ಖುಷಿಯಿಂದ ಓದುತ್ತದೆ ಎನ್ನಲು ಕಾರಣವಿಲ್ಲ. ವರ್ಷ ಕಳೆದಂತೆ ಕೆಟ್ಟುಹೋದ, ದುರಸ್ತಿಗೆ ಕಾದ ಟ್ಯಾಬ್‌ಗಳ ಸುದ್ದಿಯೂ ಪತ್ರಿಕೆಗಳಲ್ಲಿ ಬಂತು.

ಮಕ್ಕಳ ಕೈಯಲ್ಲಿ ಫೋನ್ ಇದ್ದರೂ ಕಥೆ ಬೇರೆಯಲ್ಲ. ಮುಂಬೈನ ಕೊಳೆಗೇರಿಗಳಲ್ಲಿ ಕೆಲಸ ಶುರು ಮಾಡಿದ ಪ್ರಥಮ್ ಸಂಸ್ಥೆ ದೇಶದ ಹಳ್ಳಿಗಳಲ್ಲಿ ನಡೆಸುವ 'ಅಸರ್' ಸಮೀಕ್ಷೆಯ 2024ರ ವರದಿ ನೋಡಿ. 14ರಿಂದ 16 ವರ್ಷದ ಮಕ್ಕಳಲ್ಲಿ ಶೇ. 80ಕ್ಕಿಂತ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಗೊತ್ತು. ಅವರಲ್ಲಿ ಹಿಂದಿನ ಒಂದು ವಾರದಲ್ಲಿ ಓದಿನ ಕೆಲಸಕ್ಕೆ ಅದನ್ನು ಬಳಸಿದವರು ಶೇ. 57. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ. 76. ಇದು ಹಳ್ಳಿಗಳ ಲೆಕ್ಕ. ಆದರೂ ಮುಂಬೈನ ಯಾವುದೇ ಶಿಕ್ಷಕರಿಗೆ ಇದನ್ನು ಹೇಳಿದರೆ ಆಶ್ಚರ್ಯವಾಗಲಿಕ್ಕಿಲ್ಲ.

ಈ ಅಂಕಿಯನ್ನು ನೋಡಿ ಮಕ್ಕಳನ್ನು ಬೈಯುವುದು ಸುಲಭ. ಸಾಮಾಜಿಕ ಜಾಲತಾಣ ಅವರನ್ನು ಏಕೆ ಹಿಡಿದಿಟ್ಟುಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಹೆಚ್ಚು ಕೇಳುವುದಿಲ್ಲ. ಅಲ್ಲಿ ಏನು ಹಾಕಿದರೂ ಯಾರೋ ಒಬ್ಬರು ನೋಡುತ್ತಾರೆ, ಉತ್ತರಿಸುತ್ತಾರೆ. ಮನೆಪಾಠದ ನೋಟ್‌ಬುಕ್‌ಗೆ ಸಿಗುವುದು ಕೆಂಪು ಶಾಯಿಯ ಒಂದು ಸರಿ ಗುರುತು, ಅದೂ ನಾಲ್ಕು ದಿನದ ಮೇಲೆ.

ಕ್ಯೂಬ್ ಬಳಗ ಮಾಡುವುದೇನು?

ಕೇಂದ್ರದಲ್ಲಿ ನಾಗಾರ್ಜುನ ಜಿ. ಅವರ ಪ್ರಯೋಗಾಲಯ ಮತ್ತು ಮುಂಬೈನ ಸೋಫಿಯಾ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಎಂ. ಸಿ. ಅರುಣನ್ ಅವರ ಸುತ್ತ ಈ ಬಳಗ ಬೆಳೆಯಿತು. ಕಾಲೇಜು ವಿದ್ಯಾರ್ಥಿಗಳು, ಶಾಲಾ ಮಕ್ಕಳು, ಶಿಕ್ಷಕರು ಎಲ್ಲರೂ ಇದರಲ್ಲಿದ್ದಾರೆ. ದುಬಾರಿ ಉಪಕರಣ ಬೇಡದ ಜೀವಿಗಳನ್ನೇ ಆರಿಸಿಕೊಳ್ಳುತ್ತಾರೆ: ಹಣ್ಣುನೊಣ, ಎರೆಹುಳು, ಕೆರೆ ನೀರಿನ ಡ್ಯಾಫ್ನಿಯಾ, ಹೈಡ್ರಾ. ನೋಡಲು ಕಾಗದ ಮಡಚಿ ಮಾಡುವ 'ಫೋಲ್ಡ್‌ಸ್ಕೋಪ್' ಸೂಕ್ಷ್ಮದರ್ಶಕವೂ ಬಳಕೆಯಲ್ಲಿದೆ.

ಮಾತುಕತೆ ನಡೆಯುವುದು 'ಮೆಟಾಸ್ಟುಡಿಯೊ' ಎಂಬ ಆನ್‌ಲೈನ್ ತಾಣದಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತು 'ಚಾಟ್‌ಶಾಲಾ' ಎಂದು ಅವರೇ ಹೆಸರಿಟ್ಟ ಆನ್‌ಲೈನ್ ಚರ್ಚೆಗಳಲ್ಲಿ. ಲಾಕ್‌ಡೌನ್ ಕಾಲದಲ್ಲಿ ಕಾಲೇಜುಗಳ ಪ್ರಯೋಗಾಲಯಕ್ಕೆ ಬೀಗ ಬಿದ್ದಾಗ ಇದೇ ವಿದ್ಯಾರ್ಥಿಗಳು ಅಡುಗೆಮನೆಯ ಮೂಲೆಯನ್ನೇ ಪ್ರಯೋಗಾಲಯ ಮಾಡಿಕೊಂಡರು. ಅದಕ್ಕೆ 'ಮನೆ ಲ್ಯಾಬ್' ಎಂಬ ಅರ್ಥದ ಹೆಸರೂ ಬಂತು. ನೊಣ ಬೇಡವೆಂದು ಓಡಿಸುವ ಮನೆಯಲ್ಲಿ ನೊಣ ಸಾಕಲು ಅಮ್ಮನನ್ನು ಒಪ್ಪಿಸುವುದು ಸಣ್ಣ ಸಾಹಸವಂತೂ ಅಲ್ಲ.

ಇಲ್ಲಿ ಗಮನಿಸಬೇಕಾದದ್ದು ಫೋನ್ ಮಾಡುವ ಕೆಲಸ. ಅದು ಪಾಠ ಹೇಳುವುದಿಲ್ಲ, ಅಂಚೆಯಣ್ಣನ ಕೆಲಸ ಮಾಡುತ್ತದೆ. ಮಗು ಕೈಯಾರೆ ಮಾಡಿದ್ದನ್ನು ಇನ್ನೊಬ್ಬರಿಗೆ ತಲುಪಿಸಿ ಅಲ್ಲಿಂದ ಪ್ರಶ್ನೆಯನ್ನು ವಾಪಸ್ ತರುತ್ತದೆ. ಉತ್ತರ ಪುಸ್ತಕದ ಕೊನೆಯ ಪುಟದಲ್ಲಿ ಇಲ್ಲದ ಕಾರಣ ನಕಲು ಮಾಡುವ ಅವಕಾಶವೂ ಇಲ್ಲ. ಮೂರು ದಿನ ಬಾಟಲಿ ನೋಡದ ಹುಡುಗ ನಾಲ್ಕನೇ ದಿನ ಗುಂಪಿನಲ್ಲಿ ಬಾಯಿ ಬಿಟ್ಟರೆ ಸಿಕ್ಕಿಬೀಳುತ್ತಾನೆ.

ಶಿಕ್ಷಕರಿಗೂ ಇಂಥ ಬಳಗ ಬೇಕು. ಮುಂಬೈನ ದೇವನಾರ್‌ನಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಅಮೆರಿಕದ ಎಂಐಟಿ ಮತ್ತು ಟಾಟಾ ಟ್ರಸ್ಟ್ಸ್ ಸೇರಿ ನಡೆಸಿದ 'ಕ್ಲಿಕ್ಸ್' ಯೋಜನೆ ರಾಜಸ್ಥಾನ, ಛತ್ತೀಸ್‌ಗಢ, ಮಿಜೋರಾಂ ಮತ್ತು ತೆಲಂಗಾಣದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಕೆಗೆ ಕಂಪ್ಯೂಟರ್ ಬಳಸಿತು. ಜತೆಗೆ ಶಿಕ್ಷಕರನ್ನು ಟೆಲಿಗ್ರಾಂ ಗುಂಪುಗಳಲ್ಲಿ ಸೇರಿಸಿತು. ತರಗತಿಯಲ್ಲಿ ಏನು ಕೈಕೊಟ್ಟಿತು, ಯಾವ ಆಟಕ್ಕೆ ಮಕ್ಕಳು ಮುಗಿಬಿದ್ದರು ಎಂದು ಅಲ್ಲಿ ಮಾತಾಡಬಹುದಿತ್ತು. ಯುನೆಸ್ಕೊದ 2017ರ ಸಾಲಿನ ಪ್ರಶಸ್ತಿಯೂ ಇದಕ್ಕೆ ಬಂತು. ಪವಾಯಿಯ ಐಐಟಿ ಬಾಂಬೆ ನಡೆಸುವ 'ಸ್ಪೋಕನ್ ಟ್ಯುಟೋರಿಯಲ್' ಪಾಠಗಳಲ್ಲಿ ಇನ್ನೊಂದು ಜಾಣತನವಿದೆ: ವಿಡಿಯೊ ನೋಡುತ್ತಾ ಅರ್ಥವಾಗದಿದ್ದರೆ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡ್ ಎಂದು ತೋರಿಸಿ ಪ್ರಶ್ನೆ ಕೇಳಬಹುದು. ಕನ್ನಡದ ಧ್ವನಿಯಲ್ಲೂ ಈ ಪಾಠಗಳಿವೆ.

ಮುಂಬೈನ ಕನ್ನಡ ಶಾಲೆಗೆ ಏನು ಲಾಭ?

ಮುಂಬೈ ಪಾಲಿಕೆ 8 ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ಅದರಲ್ಲಿ ಕನ್ನಡವೂ ಒಂದು. ಕನ್ನಡಿಗರ ಸಂಘಗಳು ಕಟ್ಟಿದ ಶಾಲೆಗಳೂ ಇವೆ. ಪುಣೆಯಲ್ಲಿರುವ ಬಾಲಭಾರತಿ ಮಹಾರಾಷ್ಟ್ರದ ಪಠ್ಯಪುಸ್ತಕಗಳನ್ನು ಕನ್ನಡದಲ್ಲೂ ಅಚ್ಚು ಹಾಕುತ್ತದೆ. ಆದರೆ ಕನ್ನಡ ಮಾಧ್ಯಮಕ್ಕೆ ಮಕ್ಕಳನ್ನು ಸೇರಿಸುವ ಮನೆಗಳು ಕಡಿಮೆಯಾಗುತ್ತಾ ಬಂದಿರುವುದು ಮುಂಬೈ ಕನ್ನಡಿಗರಿಗೆ ಹೊಸ ಸುದ್ದಿಯಲ್ಲ.

ಮಕ್ಕಳ ಸಂಖ್ಯೆ ಇಳಿದಾಗ ಮೊದಲು ಸಾಯುವುದು ತರಗತಿಯ ಮಾತು. ಹತ್ತಾರು ಮಕ್ಕಳಿದ್ದಲ್ಲಿ ವಾದ, ತಮಾಷೆ, ಪೈಪೋಟಿ ತಾನಾಗಿ ಹುಟ್ಟುತ್ತದೆ. ನಾಲ್ಕೈದು ಮಕ್ಕಳಿದ್ದಲ್ಲಿ ಮೇಷ್ಟ್ರು ಕೇಳಿದ ಪ್ರಶ್ನೆಗೆ ಯಾರು ಉತ್ತರ ಹೇಳುತ್ತಾರೆ ಎಂದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಶಿಕ್ಷಕರದೂ ಅದೇ ಪಾಡು. ಕನ್ನಡದಲ್ಲಿ ವಿಜ್ಞಾನ ಕಲಿಸುವ ಇನ್ನೊಬ್ಬರು ಪಕ್ಕದ ಕೊಠಡಿಯಲ್ಲಿ ಇರುವುದಿಲ್ಲ, ಹಲವು ಸ್ಟೇಷನ್ ದಾಟಿ ಹೋಗಬೇಕು.

ಇಂಥ ಕಡೆ ಆನ್‌ಲೈನ್ ಬಳಗ ಐಷಾರಾಮವಲ್ಲ, ತರಗತಿಗೆ ಬೇಕಾದ ಗೆಳೆಯರನ್ನು ತಂದುಕೊಡುವ ದಾರಿ. ಕನ್ನಡದಲ್ಲಿ ಓದುವ ಮಕ್ಕಳು ಕರ್ನಾಟಕದಲ್ಲಷ್ಟೇ ಅಲ್ಲ, ಕೇರಳದ ಕಾಸರಗೋಡಿನಲ್ಲೂ, ಮಹಾರಾಷ್ಟ್ರದ ಜತ್, ಅಕ್ಕಲಕೋಟೆಯ ಕಡೆಯೂ ಇದ್ದಾರೆ. ಆದರೆ ಪಠ್ಯಕ್ರಮ ಬೇರೆ ಬೇರೆ, ಇಲಾಖೆ ಬೇರೆ ಬೇರೆ. 2020ರಲ್ಲಿ ಶಾಲೆ ಮುಚ್ಚಿದಾಗ ಇದು ಕಣ್ಣಿಗೆ ಕಟ್ಟಿತು. ಕರ್ನಾಟಕದ ಮಕ್ಕಳಿಗೆ ಡಿಡಿ ಚಂದನದಲ್ಲಿ 'ಸೇತುಬಂಧ' ಪಾಠ ಬಂತು. ಕೇರಳದ 'ಫಸ್ಟ್ ಬೆಲ್' ಕಾರ್ಯಕ್ರಮದಲ್ಲಿ ಕನ್ನಡ ಮಾಧ್ಯಮದವರಿಗೂ ಪಾಠಗಳಿದ್ದವು. ಮುಂಬೈನ ಕನ್ನಡ ಮಗು ಚಂದನ ಹಾಕಿ ನೋಡಬಹುದಿತ್ತು, ಆದರೆ ಕೈಯಲ್ಲಿದ್ದ ಪುಸ್ತಕ ಬಾಲಭಾರತಿಯದು. ಮುಂಬೈನಲ್ಲಿ 8ನೇ ತರಗತಿಯಿಂದ ಮೇಲಿನವರಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 4ಕ್ಕೆ, ಚಿಕ್ಕ ಮಕ್ಕಳಿಗೆ ಡಿಸೆಂಬರ್ ಮಧ್ಯದಲ್ಲಿ.

ಪಠ್ಯಕ್ರಮ ಹೊಂದದಿದ್ದರೆ ಬಳಗ ಕಟ್ಟುವುದು ಹೇಗೆ? ಹಣ್ಣುನೊಣಕ್ಕೆ ಪಠ್ಯಕ್ರಮ ಇಲ್ಲ ಎಂಬುದೇ ಉತ್ತರ. ಪಾಠದ ಕ್ರಮ ಬೇರೆಯಾದರೂ ಮಾಡಿ ನೋಡುವ ಕೆಲಸ ಎಲ್ಲರಿಗೂ ಒಂದೇ.

ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಶಿಕ್ಷಕ ರಂಜಿತ್‌ಸಿಂಹ ಡಿಸಲೆ ಅವರ ಹೆಸರು ಇಲ್ಲಿ ನೆನಪಾಗುತ್ತದೆ. 2020ರ ಡಿಸೆಂಬರ್ 3ರಂದು ಅವರಿಗೆ 10 ಲಕ್ಷ ಡಾಲರ್‌ನ ಜಾಗತಿಕ ಶಿಕ್ಷಕ ಪ್ರಶಸ್ತಿ ಘೋಷಣೆಯಾಯಿತು. ಅದರಲ್ಲಿ ಅರ್ಧವನ್ನು ಅವರು ಕೊನೆಯ ಸುತ್ತಿನ ಉಳಿದ 9 ಶಿಕ್ಷಕರಿಗೆ ಹಂಚುವುದಾಗಿ ಹೇಳಿದರು. ಪ್ರಶಸ್ತಿ ಕೊಟ್ಟ ವಾರ್ಕಿ ಪ್ರತಿಷ್ಠಾನ ಹೇಳಿರುವಂತೆ, ಡಿಸಲೆ 2009ರಲ್ಲಿ ಶಾಲೆಗೆ ಬಂದಾಗ ಅಲ್ಲಿನ ಮಕ್ಕಳ ಮನೆಮಾತು ಕನ್ನಡವಾಗಿತ್ತು, ಪುಸ್ತಕ ಆ ಭಾಷೆಯಲ್ಲಿರಲಿಲ್ಲ. ಅವರು ಕನ್ನಡ ಕಲಿತು, ಪಾಠಗಳನ್ನು ಮಕ್ಕಳ ಮಾತಿಗೆ ತಂದು, ಪುಸ್ತಕದಲ್ಲಿ ಕ್ಯೂಆರ್ ಕೋಡ್ ಹಾಕಿ ಧ್ವನಿ, ವಿಡಿಯೊಗಳನ್ನು ಸೇರಿಸಿದರು. ಈಗ ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಸಾಮಾನ್ಯ. 2017ರಲ್ಲಿ ಶುರುವಾದ ಕೇಂದ್ರದ 'ದೀಕ್ಷಾ' ತಾಣಕ್ಕೆ ಅದು ಕರೆದೊಯ್ಯುತ್ತದೆ.

ಸುದ್ದಿಯಾದದ್ದು ಕ್ಯೂಆರ್ ಕೋಡ್. ಅದಕ್ಕಿಂತ ದೊಡ್ಡದು ಅವರ 'ಲೆಟ್ಸ್ ಕ್ರಾಸ್ ದ ಬಾರ್ಡರ್ಸ್' ಕೆಲಸ. ಭಾರತ ಮತ್ತು ಪಾಕಿಸ್ತಾನ, ಇಸ್ರೇಲ್ ಮತ್ತು ಪ್ಯಾಲೆಸ್ತೀನ್‌ನಂಥ ದೇಶಗಳ ಮಕ್ಕಳನ್ನು ಆರು ವಾರ ಆನ್‌ಲೈನ್‌ನಲ್ಲಿ ಜೋಡಿಯಾಗಿಸಿ ಮಾತಾಡಿಸುವ ಯೋಜನೆ ಅದು. ದೇಶದ ಗಡಿಯನ್ನೇ ದಾಟಬಹುದಾದರೆ ಮುಂಬೈ ಮತ್ತು ಕಾಸರಗೋಡಿನ ಎರಡು ಕನ್ನಡ ತರಗತಿಗಳನ್ನು ಜೋಡಿಸಲು ಅಡ್ಡಿಯೇನೂ ಇರಬಾರದು.

ಫೋನ್ ಯಾರ ಕೈಯಲ್ಲಿದೆ?

ಅಡ್ಡಿ ಇರುವುದು ಮನೆಯಲ್ಲಿ. ಹತ್ತು ಅಡಿ ಉದ್ದಗಲದ ಖೋಲಿಯಲ್ಲಿ ಐದು ಜನ, ಒಂದೇ ಸ್ಮಾರ್ಟ್‌ಫೋನ್. ಅದೂ ಬೆಳಗ್ಗೆ ಅಪ್ಪನ ಜತೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿ. 'ಸಂಜೆ 5 ಗಂಟೆಗೆ ಎಲ್ಲರೂ ಲಿಂಕ್ ಒತ್ತಿ' ಎಂದರೆ ಅರ್ಧ ತರಗತಿ ಹೊರಗೇ ಉಳಿಯುತ್ತದೆ.

ಮುಂಬೈ ಕನ್ನಡಿಗರಿಗೆ ಈ ತೊಡಕು ಹೊಸದೇನಲ್ಲ. ಹಿಂದೆ ಕರಾವಳಿಯಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲ್‌ನಲ್ಲಿ ಟೇಬಲ್ ಒರೆಸಿ, ಕ್ಯಾಂಟೀನ್‌ನಲ್ಲಿ ಚಹಾ ಕೊಟ್ಟು ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದರು. ಮೊಗವೀರರು, ಬಿಲ್ಲವರು ಸೇರಿದಂತೆ ಹಲವು ಸಮಾಜದವರು ಕನ್ನಡ ರಾತ್ರಿ ಶಾಲೆ ನಡೆಸಿದರು. ಹುಡುಗರ ಬಿಡುವಿಗೆ ಶಾಲೆಯೇ ಗಡಿಯಾರ ತಿರುಗಿಸಿಕೊಂಡಿತ್ತು. ಆನ್‌ಲೈನ್ ಕೆಲಸಕ್ಕೂ ಅದೇ ಲೆಕ್ಕ ಸರಿ: ನೇರ ಪ್ರಸಾರ ಬೇಡ, ಯಾವಾಗ ಫೋನ್ ಸಿಗುತ್ತದೋ ಆಗ ಒಂದು ಫೋಟೊ, ಒಂದು ನಿಮಿಷದ ಧ್ವನಿ ಸಂದೇಶ ಸಾಕು. ವಾರಕ್ಕೊಮ್ಮೆ ಶಾಲೆಯ ಒಂದೇ ಪರದೆಯಲ್ಲಿ ಎಲ್ಲರೂ ಸೇರಿ ಆಚೆ ಊರಿನ ಉತ್ತರ ನೋಡಬಹುದು. ಆಗ ಫೋನ್ ಇಲ್ಲದ ಮಗುವೂ ಒಳಗಿರುತ್ತದೆ.

ಎಚ್ಚರಿಕೆಯ ಮಾತುಗಳೂ ಇವೆ. ವಾಟ್ಸ್‌ಆ್ಯಪ್ ಬಳಸಲು ಕನಿಷ್ಠ ವಯಸ್ಸು 13. ಹಾಗಾಗಿ ಚಿಕ್ಕ ತರಗತಿಗಳಲ್ಲಿ ಖಾತೆ ಶಿಕ್ಷಕರದು ಅಥವಾ ಪೋಷಕರದು ಆಗಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ದೊಡ್ಡ ಗುಂಪಿನಲ್ಲಿ ಎಲ್ಲರ ಫೋನ್ ನಂಬರ್ ಎಲ್ಲರಿಗೂ ಕಾಣುತ್ತದೆ ಎಂಬುದನ್ನು, ಹೆಣ್ಣುಮಕ್ಕಳಿರುವ ತರಗತಿಯಲ್ಲಿ ಮುಖ್ಯವಾಗಿ, ಮರೆಯಬಾರದು. ಬಾಟಲಿಯ ಫೋಟೊ ಸಾಕು, ಮಗುವಿನ ಮುಖ ಬೇಕಿಲ್ಲ. ಇನ್ನೊಂದು, ಶಿಕ್ಷಕರ ಫೋನ್ ರಾತ್ರಿ ಹನ್ನೊಂದಕ್ಕೂ ಟಿಂಗ್ ಎನ್ನುತ್ತಿದ್ದರೆ ಈ ಉತ್ಸಾಹ ಎರಡು ತಿಂಗಳೂ ಬಾಳುವುದಿಲ್ಲ. ಉತ್ತರಿಸುವ ಹೊತ್ತನ್ನು ಮೊದಲೇ ಹೇಳಿಬಿಡುವುದು ಲೇಸು. ತರಗತಿಗೆ ತಂತ್ರಜ್ಞಾನ ಬಂದರೂ ಅದು ಶಿಕ್ಷಕರ ಜಾಗವನ್ನು ತುಂಬಬಾರದು ಎಂದು ಯುನೆಸ್ಕೊ 2023ರ ತನ್ನ ಜಾಗತಿಕ ವರದಿಯಲ್ಲಿ ಎಚ್ಚರಿಸಿತ್ತು.

ಮಳೆಯಿಂದ ಶುರು ಮಾಡಬಹುದು

ನೊಣ ಸಾಕಲು ಮನೆಯಲ್ಲಿ ಒಪ್ಪದಿದ್ದರೆ ಮಳೆ ಇದೆ. ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಲಾಳಿಕೆಯಂತೆ ಕೂರಿಸಿ, ಪಕ್ಕಕ್ಕೆ ಅಳತೆಪಟ್ಟಿ ಅಂಟಿಸಿದರೆ ಮಳೆಮಾಪಕ. ತಳ ಉಬ್ಬುತಗ್ಗಾಗಿದ್ದರೆ ಮೊದಲು ಸಣ್ಣ ಕಲ್ಲು ಹಾಕಿ, ಸೊನ್ನೆಯ ಗುರುತಿನವರೆಗೆ ನೀರು ತುಂಬಿಕೊಳ್ಳಬೇಕು. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಎಷ್ಟು ಮಿಲಿಮೀಟರ್ ಎಂದು ಬರೆದು ಮತ್ತೆ ಸೊನ್ನೆಗೆ ತರುವುದು.

ಹವಾಮಾನ ಇಲಾಖೆಯ ವಾಡಿಕೆ ಲೆಕ್ಕದಲ್ಲಿ ಮುಂಗಾರು ಕೇರಳಕ್ಕೆ ಬರುವುದು ಜೂನ್ 1ಕ್ಕೆ, ಮುಂಬೈಗೆ ಜೂನ್ 11ಕ್ಕೆ. ಕಾಸರಗೋಡಿನ ಮಕ್ಕಳು ಅಳೆಯಲು ಶುರು ಮಾಡಿ ಅಂಕಿ ಕಳಿಸಿದರೆ ಮಂಗಳೂರು, ಉಡುಪಿ, ಕಾರವಾರದವರು ಒಬ್ಬೊಬ್ಬರಾಗಿ ಸೇರಿಕೊಳ್ಳಬಹುದು. ಜೂನ್ ನಡುವೆ ಮುಂಬೈ ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ಕರಿಹಲಗೆ ಮೇಲೆ ಬರೆಯಲು ಎರಡು ವಾರದ ಕರಾವಳಿ ಮಳೆಯ ಲೆಕ್ಕ ಸಿದ್ಧವಿರುತ್ತದೆ. ಅಜ್ಜಿಯ ಊರಲ್ಲಿ ಎಷ್ಟು ಸುರಿಯಿತು ಎಂದು ಅದರಲ್ಲಿ ಮೊದಲು ಹುಡುಕುವ ಮಕ್ಕಳು ಮುಂಬೈನ ಕನ್ನಡ ತರಗತಿಗಳಲ್ಲಿ ಬೇಕಾದಷ್ಟಿದ್ದಾರೆ.