ಕಪ್ಪೆ ತೂಕ ಹಾಕಲು ಹೋದವನ ಕಥೆ

"ಏನಪ್ಪಾ, ಕಪ್ಪೇನಾ? ಅದೂ ದುಡ್ಡು ಕೊಟ್ಟು ತಂದ್ಯಾ? ನಮ್ಮ ಬಚ್ಚಲ ಹಿಂದೆ ಬೇಕಾದಷ್ಟು ಇದ್ವಲ್ಲೋ!"

ತಿಪಟೂರಿನಿಂದ ವಿಡಿಯೊ ಕಾಲ್‌ನಲ್ಲಿ ಅಮ್ಮ ಹೀಗಂದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಳೆ ಬರಲಿ ಅಂತ ಕಪ್ಪೆಗೆ ಮದುವೆ ಮಾಡಿಸುವುದನ್ನು ಅಮ್ಮ ಕಂಡಿದ್ದಾರೆ. ಆದರೆ ಕಪ್ಪೆಗೆ ಗಾಜಿನ ಮನೆ ಮಾಡಿ, ಹೀಟರ್ ಹಾಕಿ, ಚಿಮಟದಲ್ಲಿ ಊಟ ಬಡಿಸುವವನನ್ನು ಕಂಡಿದ್ದು ಇದೇ ಮೊದಲು. ಅವನು ತಾವೇ ಹೆತ್ತ ಮಗ ಅನ್ನೋದು ಬೇರೆ!

ನಾನು ಅಮೆರಿಕದ ಮಿನೆಸೋಟಾದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕುವಂತಿಲ್ಲ. ಬೆಕ್ಕಿನ ಕೂದಲು ಕಂಡರೆ ಹೆಂಡತಿಗೆ ಸೀನು ಶುರು. ಮೀನು ಸಾಕೋಣ ಅಂತ ಸಾಕುಪ್ರಾಣಿಗಳ ಅಂಗಡಿಗೆ ಹೋದವರು ಕಳೆದ ಅಕ್ಟೋಬರಿನಲ್ಲಿ ಕಪ್ಪೆಮರಿ ಹಿಡಿದುಕೊಂಡು ಬಂದೆವು. ನಾಲ್ಕು ಸೆಂಟಿಮೀಟರ್ ಉದ್ದ, 11 ಗ್ರಾಂ ತೂಕ. ಅರ್ಧ ಮುಖ ಬಾಯಿ, ಕಣ್ಣಿನ ಮೇಲೆ ಪುಟ್ಟ ಕೊಂಬಿನ ಹಾಗೆ ಎದ್ದ ಚರ್ಮ. ಗುಂಡಗಿದ್ದಾನೆ ಅಂತ 'ಗುಂಡ' ಎಂದು ಹೆಸರಿಟ್ಟೆವು. ಗಂಡೋ ಹೆಣ್ಣೋ ಈ ವಯಸ್ಸಿನಲ್ಲಿ ಹೇಳೋಕಾಗಲ್ಲವಂತೆ.

ಯಾರಿದು ಗುಂಡ?

ಇದನ್ನು ಕೊಂಬಿನ ಕಪ್ಪೆ ಅನ್ನುತ್ತಾರೆ. ಅಂಗಡಿಯವರ ಬಾಯಲ್ಲಿ ಮಾತ್ರ ಇದು 'ಪ್ಯಾಕ್‌ಮ್ಯಾನ್ ಕಪ್ಪೆ'. 1980ರಲ್ಲಿ ಬಂದ ವಿಡಿಯೊ ಗೇಮಿನ ಆ ಹಳದಿ ಬಾಯಿಬಡುಕನ ಹೆಸರು. ಗುಂಡನ ಜಾತಿಯ ಮೂಲ ದಕ್ಷಿಣ ಅಮೆರಿಕದ ಗ್ರಾನ್ ಚಾಕೊ ಬಯಲು. ಅರ್ಜೆಂಟೀನಾ, ಪರಾಗ್ವೆ, ಬೊಲಿವಿಯಾ, ಬ್ರೆಜಿಲ್‌ಗಳಿಗೆ ಹರಡಿದ ಪ್ರದೇಶ. ಅಲ್ಲಿ ಮಳೆಗಾಲ ಬಿಟ್ಟರೆ ಉಳಿದಂತೆ ಒಣ ನೆಲ. ಮಳೆ ನಿಂತ ಮೇಲೆ ಈ ಕಪ್ಪೆ ಮಣ್ಣಿನೊಳಗೆ ಇಳಿದು, ಸತ್ತ ಚರ್ಮದ ಪದರಗಳನ್ನೇ ಮೈಗೆ ಕವಚದಂತೆ ಹೊದ್ದು, ಮುಂದಿನ ಮಳೆಯವರೆಗೆ ಮಲಗಿಬಿಡುತ್ತದೆ.

ಇದು ಬೇಟೆ ಹುಡುಕಿಕೊಂಡು ಹೋಗುವುದಿಲ್ಲ. ಕುತ್ತಿಗೆಯವರೆಗೆ ಹೂತುಕೊಂಡು ಕೂತು, ಹತ್ತಿರ ಬಂದದ್ದನ್ನು ನಾಲಿಗೆಯಲ್ಲಿ ಸೆಳೆಯುತ್ತದೆ. 2014ರಲ್ಲಿ ಜರ್ಮನಿಯ ಕೀಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ನಾಲಿಗೆಯ ಅಂಟನ್ನು ಅಳೆದು ನೋಡಿದರು. ಕಪ್ಪೆಯ ಮೈತೂಕಕ್ಕಿಂತ ಹೆಚ್ಚಿನ ಭಾರ ಎಳೆಯುವಷ್ಟು ಶಕ್ತಿ ಅದರಲ್ಲಿತ್ತು. ಒಂದೇ ಡಬ್ಬಿಯಲ್ಲಿ ಎರಡು ಮರಿ ಬಿಟ್ಟರೆ ಬೆಳಗ್ಗೆ ಒಂದೇ ಉಳಿಯಬಹುದು. ಹಾಗಾಗಿ ಇವನಿಗೆ ಜೊತೆಗಾರ ಬೇಡ.

ನನ್ನ 'ಬಗ್' ಎಲ್ಲಿತ್ತು?

"ತುಂಬಾ ಸುಲಭದ ಪ್ರಾಣಿ ಸರ್, ಒಂದು ಡಬ್ಬಿ, ಸ್ವಲ್ಪ ಮಣ್ಣು, ಸ್ವಲ್ಪ ನೀರು, ಅಷ್ಟೇ," ಎಂದು ಅಂಗಡಿಯ ಹುಡುಗ ಹೇಳಿದ್ದ. ನಾನು ಎಂಜಿನಿಯರ್ ಅಲ್ವಾ, ಅಷ್ಟಕ್ಕೇ ಬಿಡ್ತೀನಾ? ಗಾಜಿನ ಪೆಟ್ಟಿಗೆ, ಹೀಟ್ ಮ್ಯಾಟ್, ಥರ್ಮಾಮೀಟರ್, ತೇವಾಂಶದ ಮೀಟರ್ ಎಲ್ಲ ತಂದೆ. ನೆಲಕ್ಕೆ ಹಾಸಲು ಕೋಕೋಪೀಟ್ ಇಟ್ಟಿಗೆ. ನೀರಲ್ಲಿ ನೆನೆಸಿದಾಗ ಬಂದ ತೆಂಗಿನ ನಾರಿನ ವಾಸನೆಗೆ ಒಂದು ಕ್ಷಣ ನಮ್ಮೂರಿನ ಕೊಬ್ಬರಿ ಅಟ್ಟವೇ ಕಣ್ಮುಂದೆ ಬಂತು. ತಿಪಟೂರಿನವನು ಡಾಲರ್ ಕೊಟ್ಟು ತೆಂಗಿನ ನಾರು ಕೊಂಡ ವಿಷಯ ಮಾತ್ರ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ದಿನಾ ಗುಂಡನನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು ತೂಕ ನೋಡುತ್ತಿದ್ದೆ. ಎಕ್ಸೆಲ್ ಶೀಟು, ಅದಕ್ಕೊಂದು ಗ್ರಾಫು. ಕಪ್ಪೆ ತೂಕ ಹಾಕಿದಂಗೆ ಅನ್ನೋ ಗಾದೆ ಕೇಳಿದ್ದೆ. ಅದನ್ನು ಅಕ್ಷರಶಃ ಮಾಡಿ ನೋಡಿದವರಲ್ಲಿ ನಾನೂ ಒಬ್ಬ.

ಮೂರನೇ ವಾರ ಗುಂಡ ಊಟ ಬಿಟ್ಟ. ಹುಳ ಮುಂದೆ ಹಿಡಿದರೂ ಮುಖ ತಿರುಗಿಸುತ್ತಿದ್ದ. ಮಣ್ಣೊಳಗೆ ಇಳಿದು ಕೂತ. ನಾನು ಗಾಬರಿಯಿಂದ ದಿನಾ ಅಗೆದು ಹೊರಗೆ ತೆಗೆಯುವುದು, ತೂಗುವುದು, ಹುಳ ತೋರಿಸುವುದು. ಒಂಬತ್ತನೇ ದಿನ ತಕ್ಕಡಿ 9 ಗ್ರಾಂ ತೋರಿಸಿತು. ಚರ್ಮ ಮಂಕಾಗಿ, ಒಣಗಿದಂತಿತ್ತು. ಆ ರಾತ್ರಿ ಹೆಂಡತಿ ಹೇಳಿದ ಮಾತು ಇನ್ನೂ ನೆನಪಿದೆ: "ನೀನು ಅದನ್ನ ಸಾಕ್ತಾ ಇದ್ದೀಯೋ, ಟೆಸ್ಟಿಂಗ್ ಮಾಡ್ತಾ ಇದ್ದೀಯೋ?"

ಮರುದಿನ ಕಪ್ಪೆ, ಹಲ್ಲಿಗಳನ್ನೂ ನೋಡುವ ಪಶುವೈದ್ಯರ ಹತ್ತಿರ ಹೋದೆ. ನನ್ನ ಗ್ರಾಫನ್ನು ಅವರು ನೋಡಲೇ ಇಲ್ಲ. ಎರಡೇ ಪ್ರಶ್ನೆ ಕೇಳಿದರು. "ಥರ್ಮಾಮೀಟರ್ ಎಲ್ಲಿಟ್ಟಿದ್ದೀರಿ? ದಿನಕ್ಕೆ ಎಷ್ಟು ಸಲ ಕೈಯಲ್ಲಿ ಹಿಡಿತೀರಿ?"

ಥರ್ಮಾಮೀಟರ್ ಇದ್ದದ್ದು ಮುಚ್ಚಳದ ಹತ್ತಿರ, ಹೀಟ್ ಮ್ಯಾಟ್ ಅಂಟಿಸಿದ್ದ ಗೋಡೆಯ ಪಕ್ಕದಲ್ಲಿ. ಅದು 26 ಡಿಗ್ರಿ ತೋರಿಸುತ್ತಿತ್ತು. ಮನೆಗೆ ಬಂದು ಮಣ್ಣಿನ ಮೇಲಿಟ್ಟು ನೋಡಿದರೆ 19! ಹೊರಗೆ ಹಿಮ, ಪೆಟ್ಟಿಗೆ ಇದ್ದದ್ದು ಕಿಟಕಿ ಪಕ್ಕ. ಕಪ್ಪೆ ಶೀತರಕ್ತದ ಪ್ರಾಣಿ. ಮೈ ತಣ್ಣಗಾದರೆ ತಿಂದದ್ದು ಅರಗುವುದಿಲ್ಲ, ಹಾಗಾಗಿ ತಿನ್ನುವುದನ್ನೇ ಬಿಡುತ್ತದೆ. ಜೊತೆಗೆ ಚಳಿಗಾಲದಲ್ಲಿ ಮನೆಯ ಹೀಟರ್ ಗಾಳಿಯನ್ನು ಒಣಗಿಸುತ್ತದೆ. ಚಳಿ ಮತ್ತು ಒಣ ಹವೆಯಿಂದ ತಪ್ಪಿಸಿಕೊಳ್ಳಲು ಗುಂಡ ಮಣ್ಣೊಳಗೆ ಇಳಿದಿದ್ದ. ಅವನಿಗೆ ಗೊತ್ತಿದ್ದ ಒಂದೇ ಉಪಾಯ ಅದು. ಅದನ್ನೂ ನಾನು ದಿನಾ ಅಗೆದು ಹಾಳು ಮಾಡುತ್ತಿದ್ದೆ.

ವೈದ್ಯರ ಸಲಹೆಯಂತೆ ಉಗುರುಬೆಚ್ಚಗಿನ, ಕ್ಲೋರಿನ್ ತೆಗೆದ ನೀರಿನಲ್ಲಿ ಸ್ವಲ್ಪ ಹೊತ್ತು ಕೂರಿಸಿದೆ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆಯ ಚರ್ಮದಿಂದ ಹೀರಿಕೊಳ್ಳುತ್ತದೆ. ಪೆಟ್ಟಿಗೆಯನ್ನು ಕಿಟಕಿಯಿಂದ ದೂರ ಇಟ್ಟು, ಮಣ್ಣಿನ ಬಿಸಿ ಸರಿಮಾಡಿ, ಮುಚ್ಚಿಟ್ಟೆ. "ನಾಲ್ಕು ದಿನ ಮುಟ್ಟಬೇಡಿ," ಎಂದಿದ್ದರು. ಪ್ರೊಡಕ್ಷನ್ ಸರ್ವರ್ ಕೆಟ್ಟಾಗಲೂ ನಾನು ಇಷ್ಟು ಒದ್ದಾಡಿಲ್ಲ! ಐದನೇ ರಾತ್ರಿ ಒಂದು ತುಂಡು ಎರೆಹುಳ ಹಿಡಿದೆ. ಟಪ್ ಅಂತ ಸದ್ದು. ಹುಳ ಮಾಯ. ಗುಂಡನ ಕಣ್ಣುಗಳು ಒಳಕ್ಕೆ ಇಳಿದು ಮತ್ತೆ ಮೇಲೆ ಬಂದವು. ಕಪ್ಪೆಗಳು ನುಂಗುವಾಗ ಕಣ್ಣುಗುಡ್ಡೆಯಿಂದಲೇ ಆಹಾರವನ್ನು ಒಳಗೆ ತಳ್ಳುತ್ತವೆ. ಹೆಂಡತಿ, ನಾನು ಇಬ್ಬರೂ ನೆಲದ ಮೇಲೆ ಕೂತು ಚಪ್ಪಾಳೆ ತಟ್ಟಿದೆವು.

ಹೊಸದಾಗಿ ಸಾಕುವವರಿಗೆ

ಕಲಿತದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ.

ಬಿಸಿ: ಕಪ್ಪೆ ಕೂರುವ ಜಾಗದಲ್ಲಿ 24ರಿಂದ 28 ಡಿಗ್ರಿ. ಹೀಟ್ ಮ್ಯಾಟ್ ಪೆಟ್ಟಿಗೆಯ ಪಕ್ಕಕ್ಕಿರಲಿ, ತಳಕ್ಕೆ ಬೇಡ. ಸೆಕೆಯಾದರೆ ಇದು ಕೆಳಕ್ಕೇ ಅಗೆಯುತ್ತದೆ, ತಳ ಬಿಸಿಯಿದ್ದರೆ ಸುಟ್ಟುಕೊಳ್ಳುತ್ತದೆ. ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಹಚ್ಚಬೇಡಿ.

ತೇವ: 60ರಿಂದ 80 ಶೇಕಡಾ. ಕೋಕೋಪೀಟ್ ಹಿಡಿ ಹಿಂಡಿದರೆ ಮುದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು.

ನೀರು: ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಕ್ಲೋರಮೈನ್ ಹೋಗುವುದಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ಹನಿ ಹಾಕಿ. ತಟ್ಟೆ ಆಳ ಇರಬಾರದು, ಕೊಂಬಿನ ಕಪ್ಪೆಗೆ ಈಜು ಅಷ್ಟಕ್ಕಷ್ಟೇ. ನೀರು ದಿನಾ ಬದಲಿಸಿ.

ಊಟ: ಮರಿಗೆ ದಿನಾ ಅಥವಾ ದಿನ ಬಿಟ್ಟು ದಿನ, ದೊಡ್ಡದಾದ ಮೇಲೆ ವಾರಕ್ಕೊಮ್ಮೆ ಸಾಕು. ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪದ ಹುಳ ಬೇಡ. ಕ್ಯಾಲ್ಸಿಯಂ ಪುಡಿ ಸವರಿ, ಚಿಮಟದಲ್ಲೇ ಕೊಡಿ. ಬೆರಳಲ್ಲಿ ಕೊಟ್ಟರೆ ಬೆರಳೇ ಊಟ, ಹಲ್ಲಿದೆ!

ಕೈ: ನಮ್ಮ ಕೈಯ ಉಪ್ಪು, ಸೋಪು, ಎಣ್ಣೆ ಎಲ್ಲ ಅದರ ಚರ್ಮಕ್ಕೆ ಇಳಿಯುತ್ತವೆ. ಅಗತ್ಯವಿದ್ದಾಗ ಮಾತ್ರ, ಸೋಪಿಲ್ಲದೆ ಚೆನ್ನಾಗಿ ತೊಳೆದ ಒದ್ದೆ ಕೈಯಲ್ಲಿ ಎತ್ತಿ. ಕಪ್ಪೆಯಿಂದ ನಮಗೆ ಸಾಲ್ಮೊನೆಲ್ಲಾ ಬರಬಹುದು, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ನಾನೀಗ ತಿಂಗಳಿಗೊಮ್ಮೆ ಮಾತ್ರ ತೂಗುತ್ತೇನೆ, ಅದಕ್ಕೇ ಬೇರೆ ತಕ್ಕಡಿ ಇಟ್ಟಿದ್ದೇನೆ.

ಹತ್ತು ವರ್ಷದ ಲೆಕ್ಕ

ತರುವ ಮುಂಚೆ ನಾನು ಕೇಳದೇ ಇದ್ದ ಪ್ರಶ್ನೆ ಒಂದಿದೆ. ಇದು ಎಷ್ಟು ವರ್ಷ ಬದುಕುತ್ತದೆ? ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ, ಅದಕ್ಕಿಂತ ಹೆಚ್ಚೂ. ನನ್ನದು ಎಚ್‌-1ಬಿ ವೀಸಾ. ಕೆಲಸ ಹೋದರೆ ಇನ್ನೊಂದು ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಜನವರಿಯಲ್ಲಿ ನಮ್ಮ ಟೀಮಿನ ಇಬ್ಬರನ್ನು ಮನೆಗೆ ಕಳಿಸಿದರು. ಆ ಸಂಜೆ ಗುಂಡನ ಪೆಟ್ಟಿಗೆ ಮುಂದೆ ಕೂತು ಲೆಕ್ಕ ಹಾಕಿದೆ. ಸಾಮಾನು ಮಾರಬಹುದು, ಕಾರು ಮಾರಬಹುದು. ಇವನನ್ನು?

ಹೊರಗೆ ಬಿಡುವ ಮಾತೇ ಇಲ್ಲ. ಇಲ್ಲಿನ ಹಿಮದಲ್ಲಿ ಸಾಯುತ್ತಾನೆ. ಬೆಚ್ಚಗಿನ ಊರಾದರೆ ಅಲ್ಲಿನ ಕಪ್ಪೆಗಳಿಗೆ ರೋಗ ಹಚ್ಚಬಹುದು. ಕೈಟ್ರಿಡ್ ಎಂಬ ಶಿಲೀಂಧ್ರ ಜಗತ್ತಿನ ಎಷ್ಟೋ ಕಪ್ಪೆ ಜಾತಿಗಳನ್ನು ಅಳಿಸಿಹಾಕಿದೆ, ಅದು ಹರಡಲು ಪ್ರಾಣಿಗಳ ಮಾರಾಟವೂ ಒಂದು ಕಾರಣ.

ಕೊನೆಗೆ ನಮ್ಮ ಕನ್ನಡ ಕೂಟದ ಸ್ನೇಹಿತರ ಮಗ, ಹೈಸ್ಕೂಲ್ ಹುಡುಗ, "ಅಂಕಲ್, ನಾನಿದ್ದೀನಿ" ಅಂದ. ಅವನ ಅಪ್ಪ ಅಮ್ಮನ ಒಪ್ಪಿಗೆಯನ್ನೂ ಕೇಳಿ ಪಡೆದೆ. ಈಗ ತಿಂಗಳಿಗೊಮ್ಮೆ ಬಂದು ನೀರು ಬದಲಿಸಿ, ಹುಳ ಹಾಕಿ ಕಲಿಯುತ್ತಿದ್ದಾನೆ. ನಾನು ಅಂಗಡಿಗೆ ಹೋಗುವ ಮೊದಲು ಮಾಡಬೇಕಿದ್ದ ಕೆಲಸ ಇದು. ನೀವು ಯಾವ ಪ್ರಾಣಿ ತರುವುದಾದರೂ ಮೊದಲು ಇದನ್ನೇ ಕೇಳಿಕೊಳ್ಳಿ: ನಾನಿಲ್ಲದಿದ್ದರೆ ಯಾರು?

ಈಗ ಐದು ತಿಂಗಳು. ಗುಂಡ 46 ಗ್ರಾಂ. ನನ್ನನ್ನು ಗುರುತಿಸುತ್ತಾನೆ ಅಂತೇನೂ ಇಲ್ಲ, ಚಿಮಟವನ್ನಂತೂ ಚೆನ್ನಾಗಿ ಗುರುತಿಸುತ್ತಾನೆ. ಆಫೀಸಿನ ಕಾಲ್ ಮುಗಿಸಿ ಹತ್ತು ನಿಮಿಷ ಸುಮ್ಮನೆ ಅವನೆದುರು ಕೂರುತ್ತೇನೆ. ಅವನೂ ಸುಮ್ಮನೆ ಕೂರುತ್ತಾನೆ.

ಅಮ್ಮ ಈಗ ಭಾನುವಾರದ ಕಾಲ್‌ನಲ್ಲಿ "ಊಟ ಆಯ್ತಾ?" ಅಂತ ಕೇಳುತ್ತಾರೆ. ನಾನು "ಆಯ್ತಮ್ಮ" ಅಂದರೆ, "ನಿಂದಲ್ಲ ಕಣೋ, ಗುಂಡಂದು!" ಅನ್ನುತ್ತಾರೆ.