ಮೈಸೂರಿಂದ ಮೇಲುಕೋಟೆ: ಒಂದು ದಿನ, ಎರಡು ಚಕ್ರ

ಭಾನುವಾರ ಸಿಕ್ಕರೆ ಹಾಸ್ಟೆಲ್‌ನಲ್ಲಿ ಮಲಗೋದು ಇದ್ದೇ ಇದೆ. ಒಂದು ಭಾನುವಾರವನ್ನು ಮಾತ್ರ ಈ ದಾರಿಗೆ ಎತ್ತಿಡಿ: ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ, ತೊಣ್ಣೂರು ಕೆರೆ, ಮೇಲುಕೋಟೆ. ಹೋಗಿ ಬರೋದು ಸೇರಿ ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಮಳೆ ನಿಂತು ಬಿಸಿಲು ಏರುವ ಮುಂಚಿನ ತಿಂಗಳುಗಳು, ಅಂದ್ರೆ ನವೆಂಬರ್‌ನಿಂದ ಜನವರಿ, ಇದಕ್ಕೆ ಹೇಳಿ ಮಾಡಿಸಿದ ಕಾಲ.

ಬೆಳಕು ಹರಿಯುತ್ತಿದ್ದಂತೆ ಹೊರಡಿ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕು, ಸೈಕಲ್ಲಿಗೆ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗ 1804ರ ವೆಲ್ಲೆಸ್ಲಿ ಸೇತುವೆ ನೋಡಿ. ದಿವಾನ್ ಪೂರ್ಣಯ್ಯನವರ ಕಾಲದ ಕಲ್ಲಿನ ಕೆಲಸ ಅದು. ಸಿವಿಲ್‌ನವರು ಹತ್ತು ನಿಮಿಷ ಜಾಸ್ತಿ ನಿಲ್ತಾರೆ, ಬಿಟ್ಟುಬಿಡಿ.

ಮುಂದೆ ನಾಲೆ, ಗದ್ದೆ, ಕಬ್ಬು. ಪಾಂಡವಪುರಕ್ಕೆ ಬ್ರಿಟಿಷರು ಇಟ್ಟ ಹೆಸರು 'ಫ್ರೆಂಚ್ ರಾಕ್ಸ್'. ಹೈದರ್, ಟಿಪ್ಪು ಕಡೆಯ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರು. ಪಕ್ಕದಲ್ಲೇ ಕುಂತಿಬೆಟ್ಟದ ಬಂಡೆಗಳು ಕಾಣ್ತವೆ. ಇಲ್ಲಿಂದಾಚೆ ಎರಡು ವಿಷಯಕ್ಕೆ ಕಣ್ಣು ತೆರೆದಿರಲಿ. ಒಂದು, ಕಬ್ಬು ತುಂಬಿದ ಟ್ರ್ಯಾಕ್ಟರು. ಹೊರಚಾಚಿದ ಜಲ್ಲೆ ನಿಮ್ಮ ಹ್ಯಾಂಡಲ್ ಎತ್ತರಕ್ಕೇ ಇರುತ್ತೆ. ಇನ್ನೊಂದು, ರಸ್ತೆ ಮೇಲೆ ಒಕ್ಕಣೆಗೆ ಹರಡಿದ ರಾಗಿ, ಹುರುಳಿ. ಆ ಹುಲ್ಲು ಚೈನಿಗೆ, ಗೇರಿಗೆ ಸುತ್ತಿಕೊಂಡರೆ ಚಕ್ರ ನಿಂತೇಹೋಗುತ್ತೆ. ಇಳಿದು ತಳ್ಳಿಕೊಂಡು ದಾಟಿ.

ತೊಣ್ಣೂರು ಕೆರೆ ಮುಖ್ಯ ರಸ್ತೆಯಿಂದ ಸ್ವಲ್ಪ ಒಳಗೆ. ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದ ಈ ಕೆರೆಗೂ ರಾಮಾನುಜಾಚಾರ್ಯರಿಗೂ ಸಂಬಂಧ ಹೇಳ್ತಾರೆ. ನೀರು ತಿಳಿಯಾಗಿರೋದರಿಂದ 'ಮೋತಿ ತಲಾಬ್' ಅಂತಲೂ ಹೆಸರು. ಊರಲ್ಲಿ ನಂಬಿನಾರಾಯಣ ದೇವಸ್ಥಾನವಿದೆ. ತಿಂಡಿ ತಿನ್ನಿ, ಫೋಟೋ ತೆಗೀರಿ, ನೀರಿಗೆ ಮಾತ್ರ ಇಳಿಯಬೇಡಿ. ತಿಳಿನೀರಲ್ಲಿ ತಳ ಹತ್ತಿರ ಕಾಣುತ್ತೆ, ಆಳ ಗೊತ್ತಾಗಲ್ಲ. ಪೆಡಲ್ ತುಳಿದು ದಣಿದ ಕಾಲು ನೀರಲ್ಲಿ ಮರಗಟ್ಟಿದರೆ ಈಜು ಬಂದವನೂ ಮುಳುಗ್ತಾನೆ.

ಜಕ್ಕನಹಳ್ಳಿ ಬಳಿ ತಿರುಗಿದ ಮೇಲೆ ಮೇಲುಕೋಟೆಯ ಏರು. ಇಲ್ಲಿ ಫಸ್ಟ್ ಇಯರ್ ಫಿಸಿಕ್ಸ್ ಕೆಲಸಕ್ಕೆ ಬರುತ್ತೆ. ನೀವು, ಸೈಕಲ್ಲು, ನೀರಿನ ಬಾಟಲಿ ಸೇರಿ 80 ಕೆ.ಜಿ. ಅಂದುಕೊಳ್ಳಿ. 100 ಮೀಟರ್ ಎತ್ತರ ಏರೋಕೆ 80 × 9.8 × 100, ಅಂದ್ರೆ ಸುಮಾರು 78 ಕಿಲೋಜೂಲ್ ಬೇಕು. ಹತ್ತು ನಿಮಿಷದಲ್ಲಿ ಏರಿದರೆ 130 ವ್ಯಾಟ್, ಐದರಲ್ಲಿ ಏರಹೊರಟರೆ 260. ಮೊದಲನೆಯದು ಅಭ್ಯಾಸ ಇರೋರಿಗೆ ಆಗೋ ಕೆಲಸ; ಎರಡನೆಯದಕ್ಕೆ ಹೋದರೆ ಬಹಳಷ್ಟು ಜನ ಅರ್ಧದಲ್ಲೇ ಕೂರ್ತಾರೆ. ಗೇರು ಈ ಲೆಕ್ಕವನ್ನು ಬದಲಿಸಲ್ಲ, ಹಂಚುತ್ತೆ ಅಷ್ಟೆ. ಮುಂದೆ 44, ಹಿಂದೆ 18 ಹಲ್ಲಿದ್ದರೆ ಪೆಡಲ್ ಒಂದು ಸುತ್ತಿಗೆ ಐದು ಮೀಟರ್ ಚಿಲ್ಲರೆ ಹೋಗ್ತೀರಿ. 28ಕ್ಕೆ 28 ಹಾಕಿದರೆ ಎರಡು ಮೀಟರ್ ಚಿಲ್ಲರೆ. ದೂರ ಕಮ್ಮಿ, ಮಂಡಿ ಮೇಲಿನ ಭಾರವೂ ಕಮ್ಮಿ. ಗೇರಿಲ್ಲದ ಸೈಕಲ್ ಇದ್ದೋರು ನಾಚಿಕೆ ಬಿಟ್ಟು ತಳ್ಳಿ.

ಸಪಾಟು ರಸ್ತೆಯಲ್ಲಿ ಶತ್ರು ಗಾಳಿ. ಗಾಳಿಯ ತಡೆಗೆ ಖರ್ಚಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತೆ. 20ರಿಂದ 25 ಕಿ.ಮೀ. ವೇಗಕ್ಕೆ ಏರಿಸಿದರೆ ಆ ಖರ್ಚು ಹತ್ತಿರಹತ್ತಿರ ಎರಡರಷ್ಟು. ಬೆಳಿಗ್ಗೆ ಜೋಶ್‌ನಲ್ಲಿ ಹೀರೋ ಆದವನು ಏರಿನಲ್ಲಿ ಝೀರೋ ಆಗೋದು ಇದಕ್ಕೇ.

ಮೇಲೆ ಕಲ್ಯಾಣಿಯ ಮೆಟ್ಟಿಲು, ಚೆಲುವನಾರಾಯಣನ ಗುಡಿ, ಬೆಟ್ಟದ ತುದಿಯಲ್ಲಿ ಯೋಗಾನರಸಿಂಹ, ಪೂರ್ತಿಯಾಗದ ರಾಯಗೋಪುರ. ಪುಳಿಯೋಗರೆ ತಿನ್ನದೆ ಬಂದ್ರೆ ಮೇಲುಕೋಟೆಗೆ ಹೋಗಿಬಂದೆ ಅಂತ ಹೇಳ್ಬೇಡಿ.

ಇಳಿಯುವಾಗ ಅದೇ 78 ಕಿಲೋಜೂಲ್ ಎದುರಾಗುತ್ತೆ. ಗಾಳಿ ತಿಂದು ಉಳಿದದ್ದನ್ನು ಬ್ರೇಕೇ ಶಾಖವಾಗಿ ಕರಗಿಸಬೇಕು. ಹಿಡಿದೇ ಇರಬೇಡಿ, ತಿರುವಿಗೆ ಮುಂಚೆ ಒತ್ತಿ ಬಿಡಿ. ಹೊರಡುವ ಹಿಂದಿನ ದಿನವೇ ಬ್ರೇಕ್ ರಬ್ಬರ್ ನೋಡಿ. ಪಂಕ್ಚರ್ ಕಿಟ್, ಪಂಪು, ಹೆಲ್ಮೆಟ್ಟು, ಹಿಂದಿನ ಕೆಂಪು ದೀಪ ಇರಲಿ.

ಕೊನೆಗೆ ಒಂದು ನಿಯಮ, ಗ್ಯಾಂಗ್‌ನಲ್ಲಿ ಎಲ್ಲರೂ ಮೊದಲೇ ಒಪ್ಪಿಕೊಳ್ಳಿ: ಹನ್ನೊಂದು ಗಂಟೆಯೊಳಗೆ ಏರಿನ ಬುಡ ಮುಟ್ಟದಿದ್ದರೆ ಅಲ್ಲಿಂದಲೇ ವಾಪಸ್. ಕತ್ತಲಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸುಸ್ತಾಗಿ ತುಳಿಯೋದಕ್ಕಿಂತ ಮುಂದಿನ ಭಾನುವಾರ ಮತ್ತೆ ಹೊರಡೋದು ವಾಸಿ. ಬೆಟ್ಟ ಎಲ್ಲಿಗೂ ಓಡಿಹೋಗಲ್ಲ.