ಬಾವಿಗೆ ಮಾಡಿದ ಸಾಲ, ಬಾಯಿಗೆ ಮಾಡಿದ ಸಾಲ

ಬಜೆಟ್ ಮಂಡನೆಯಾದ ಮರುದಿನ ಪತ್ರಿಕೆಯಲ್ಲಿ ‘ಖೋತಾ’ ಎಂಬ ಮಾತು ಕಂಡರೆ, ಅದು ವಿಧಾನಸೌಧದ ಲೆಕ್ಕ, ನಮಗೇಕೆ ಎಂದು ಪುಟ ತಿರುವುವವರೇ ಹೆಚ್ಚು. ಆದರೆ ಕೆಂಗೇರಿಯ ಮೂಲಕ ಹಾದುಹೋಗುವ ಮೈಸೂರು ರೈಲು ಹಾದಿಗೂ ಈ ಮಾತಿಗೂ ಹಳೆಯ ನಂಟಿದೆ.

1876-78ರ ಧಾತು-ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನವು ಸುಮಾರು 10 ಲಕ್ಷ ಜನರನ್ನು ಕಳೆದುಕೊಂಡಿತು. ಬೊಕ್ಕಸದ ಉಳಿತಾಯವೆಲ್ಲ ಕರಗಿ, ಬ್ರಿಟಿಷ್ ಸರ್ಕಾರಕ್ಕೆ ಸುಮಾರು 80 ಲಕ್ಷ ರೂಪಾಯಿ ಸಾಲ ಉಳಿಯಿತು. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿದಾಗ ಈ ಸಾಲದ ಹೊರೆ ಬಿದ್ದದ್ದು ದಿವಾನ್ ರಂಗಾಚಾರ್ಲು ಅವರ ಹೆಗಲಿಗೆ. ಅವರು ಖರ್ಚಿಗೆ ಕತ್ತರಿ ಹಾಕಿದರು. ಎಂಟು ಜಿಲ್ಲೆಗಳು ಆರಾದವು. ಹಾಸನ, ಚಿತ್ರದುರ್ಗಗಳು ಕೆಲಕಾಲ ಬರೀ ಉಪವಿಭಾಗಗಳಾದವು. ಆದರೆ ಬರ ಪರಿಹಾರದ ಕಾಮಗಾರಿಯಾಗಿ ಶುರುವಾಗಿದ್ದ ರೈಲು ಹಾದಿಯನ್ನು ಅರ್ಧಕ್ಕೆ ಕೈಬಿಡಲಿಲ್ಲ. 1882ರಲ್ಲಿ ಅದು ಮೈಸೂರು ಮುಟ್ಟಿತು. ಮತ್ತೆ ಬರ ಬಂದರೆ ಧಾನ್ಯ ಹೊರಬೇಕಾದ ದಾರಿಯಲ್ಲವೇ ಅದು?

ಬೇಸಾಯಗಾರನಿಗೆ ಈ ಲೆಕ್ಕ ಹೊಸದೇನಲ್ಲ. ಬಾವಿ ತೋಡಿಸಲು ಮಾಡಿದ ಸಾಲವನ್ನು ಬೆಳೆಯೇ ತೀರಿಸೀತು (ನೀರು ಸಿಕ್ಕರೆ, ಎನ್ನಿ). ದಿನಸಿಗೆಂದು ಮಾಡಿದ ಸಾಲದಲ್ಲಿ ಬೆಳೆಯುವುದು ಬಡ್ಡಿಯೊಂದೇ. ಸರ್ಕಾರದ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ ಮುಂತಾದ ದಿನವಹಿ ಖರ್ಚು ಆದಾಯವನ್ನು ಮೀರಿದರೆ ಅದು ರಾಜಸ್ವ ಕೊರತೆ, ಅಂದರೆ ಬಾಯಿಗೆ ಮಾಡಿದ ಸಾಲ. ಬಾವಿಯದೂ ಬಾಯಿಯದೂ ಸೇರಿ ಒಟ್ಟು ಮಾಡಬೇಕಾದ ಸಾಲವೇ ವಿತ್ತೀಯ ಕೊರತೆ.

1997ರವರೆಗೆ ಕೇಂದ್ರಕ್ಕೆ ಇನ್ನೊಂದು ಸುಲಭದ ದಾರಿಯಿತ್ತು. ರಿಸರ್ವ್ ಬ್ಯಾಂಕಿಗೆ ತಾತ್ಕಾಲಿಕ ಹುಂಡಿ ಬರೆದುಕೊಟ್ಟು ಹೊಸ ಹಣ ಪಡೆಯುವುದು. ಹಣ ಹೆಚ್ಚಿ ಮಾಲು ಹೆಚ್ಚದಿದ್ದರೆ ಸಂತೆಯಲ್ಲಿ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ.

2002ರಲ್ಲಿ ಕರ್ನಾಟಕವು ದೇಶದಲ್ಲೇ ಮೊದಲಿಗೆ ವಿತ್ತೀಯ ಹೊಣೆಗಾರಿಕೆ ಅಧಿನಿಯಮವನ್ನು ತಂದಿತು. 2006ರ ಮಾರ್ಚ್ ಅಂತ್ಯದೊಳಗೆ ರಾಜಸ್ವ ಕೊರತೆಯನ್ನು ಸೊನ್ನೆಗಿಳಿಸಬೇಕು, ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ. 3ರೊಳಗಿರಬೇಕು ಎಂದು ಗುರಿ ಇಟ್ಟಿತು. 2004-05ರಲ್ಲೇ ರಾಜಸ್ವದಲ್ಲಿ ಉಳಿಕೆ ಕಂಡಿತು. ಕೊರೋನಾ ವರ್ಷದಲ್ಲಿ ಲೆಕ್ಕ ತಪ್ಪಿತು. 2025-26ರ ಬಜೆಟ್ಟಿನಲ್ಲಿ ಅಂದಾಜು ಮಾಡಿದ ರಾಜಸ್ವ ಕೊರತೆ 19,262 ಕೋಟಿ ರೂಪಾಯಿ.

ಇದನ್ನು ತುಂಬಿಸಲು ಖರ್ಚು ಇಳಿಸಲೇಬೇಕು, ಸರಿ. ಆದರೆ ಸಂಬಳ, ಬಡ್ಡಿಗಳಿಗೆ ಕತ್ತರಿ ತಾಗುವುದಿಲ್ಲ. ಮೊದಲು ಬೀಳುವುದು ಕಾಲುವೆ ದುರಸ್ತಿ, ಕೆರೆಯ ಹೂಳು, ತುಂಬದ ಹುದ್ದೆಗಳು. ನನ್ನ ಸಂಬಳವೂ ಆ ಮುಟ್ಟದ ಪಟ್ಟಿಯಲ್ಲಿದೆ, ಮರೆತಿಲ್ಲ. ಬಜೆಟ್ ಬಂದ ಮರುದಿನ ವಾಚನಾಲಯದಲ್ಲಿ ಪತ್ರಿಕೆ ಕೈಗೆ ಬಂದಾಗ, ಕೊರತೆಯ ಅಂಕಿಯ ಜೊತೆಗೆ ‘ಬಂಡವಾಳ ವೆಚ್ಚ’ ಎಂಬುದನ್ನೂ ಹುಡುಕಿ, ಹಿಂದಿನ ವರ್ಷದ್ದಕ್ಕೆ ಹೋಲಿಸಿ ನೋಡಿ. ಹೊಸ ಕಾಲುವೆ, ರಸ್ತೆಗಳ ಹಣ ಇರುವುದು ಅಲ್ಲಿ.